ಇಪ್ಪತ್ತೇಳನೆಯ ಜಾಗದ ಗುರುತು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶವಾಗಾರಕ್ಕೂ ಬಟ್ಟೆ ಒಗೆಯುವ ಕೋಣೆಗೂ ನಡುವೆ, ಉದ್ದನೆಯ ಒಂದು ಲ್ಯಾಬ್ ಇತ್ತು. ಅಲ್ಲಿ ಹತ್ತೊಂಬತ್ತು ವರ್ಷದಿಂದ ಸ್ಲೈಡುಗಳಿಗೆ ಬಣ್ಣ ಹಾಕುತ್ತಿದ್ದವಳನ್ನು ಇಡೀ ಆಸ್ಪತ್ರೆ ಬಣ್ಣದಕ್ಕ ಎಂದೇ ಕರೆಯುತ್ತಿತ್ತು. ಬಣ್ಣ ಹೆಸರಿನಲ್ಲಿ ಮಾತ್ರ. ತೊಡುತ್ತಿದ್ದದ್ದೆಲ್ಲ ಬರೀ ಬೂದು, ಏಕೆಂದರೆ ಅವಳ ಕೆಲಸದ ಕಂದು ಬಣ್ಣ ಒಮ್ಮೆ ಬಟ್ಟೆಗೆ ಬಿದ್ದರೆ ಯಾವ ಸೋಪಿಗೂ ಜಗ್ಗುವುದಿಲ್ಲ.

ಮೇಲೆ ಆಪರೇಷನ್ ಕೋಣೆಯಲ್ಲಿ ಯಾರದೋ ಮೈಯಿಂದ ತೆಗೆದ ಚೂರು ಕೆಳಗೆ ಬರುತ್ತದೆ. ಅದನ್ನು ಮೇಣದಲ್ಲಿ ಹುದುಗಿಸಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬ್ಲಾಕ್ ಮಾಡಬೇಕು. ಬ್ಲಾಕಿನಿಂದ ಕೂದಲಿಗಿಂತ ತೆಳ್ಳಗಿನ ಪದರ ಕತ್ತರಿಸಿ ಗಾಜಿನ ಮೇಲೆ ಕೂರಿಸಬೇಕು, ಬಣ್ಣ ಹಾಕಬೇಕು, ಕನ್ನಡಕ ಹಾಕಿದ ಲ್ಯಾಬ್ ಡಾಕ್ಟರ ಮೈಕ್ರೋಸ್ಕೋಪಿನ ಪಕ್ಕದಲ್ಲಿ ಇಡಬೇಕು. ಅವರು ನೋಡಿ ಹೇಳಿದ್ದೇ ರೋಗದ ಹೆಸರು. "ನಿನ್ನ ಕೈಯ ಸ್ಲೈಡ್ ಆದ್ರೆ ಕಣ್ಮುಚ್ಚಿ ಸಹಿ ಹಾಕ್ತೀನಿ ಕಣಮ್ಮ" ಎಂದು ಡಾಕ್ಟರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ಬಣ್ಣದಕ್ಕನ ಮೊಣಕಾಲು ನೋವು ಎಲ್ಲಿ ಹೋಗುತ್ತಿತ್ತೋ ಏನೋ, ಬಸ್‌ಸ್ಟ್ಯಾಂಡಿನವರೆಗೂ ಬಿರಬಿರನೆ ನಡೆದೇ ಹೋಗುತ್ತಿದ್ದಳು.

ಮೀಟರಿನವರು ಬಂದದ್ದು ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬರೆದುಕೊಳ್ಳುವುದು ಅವರ ಕೆಲಸ. ಕೆಲಸದ ಅಂಗಿಯಲ್ಲೇ ಬಂದಿದ್ದರು, ಜೇಬಿನಲ್ಲಿ ಸಣ್ಣ ಟಾರ್ಚ್ ಇತ್ತು. ಅವರ ಏಳು ವರ್ಷದ ಮಗಳು ಮೂರನೆಯ ಮಹಡಿಯ ಮಕ್ಕಳ ವಾರ್ಡಿನಲ್ಲಿದ್ದಳು. ಮೂರು ತಿಂಗಳಿಂದ ತಲೆನೋವು, ಆಮೇಲೆ ಎಡಗೈಯಲ್ಲಿ ಹಿಡಿದದ್ದೆಲ್ಲ ಬಿದ್ದುಹೋಗುವುದು. ಸ್ಕ್ಯಾನ್ ಮಾಡಿದಾಗ ಮೆದುಳಿನ ನಟ್ಟನಡುವೆ ಒಂದು ಗೆಡ್ಡೆ ಕಾಣಿಸಿತ್ತು. ತೆಗೆದುಹಾಕಲು ಬರುವ ಜಾಗವಲ್ಲ. ಸೂಜಿ ಇಳಿಸಿ ಅಕ್ಕಿಕಾಳಿನಷ್ಟು ಚೂರು ತೆಗೆದಿದ್ದರು.

ಆ ಚೂರಿಗೆ ಮೊದಲು ಮಾಮೂಲಿ ಬಣ್ಣ ಹಾಕಿದಾಗ ಜೀವಕೋಶಗಳು ಸಾಧುವಾಗಿಯೇ ಕಂಡಿದ್ದವು. ಇದು ನಿಧಾನದ ಜಾತಿಯೇ ಇರಬೇಕು, ಔಷಧಿ ಕೊಟ್ಟುಕೊಂಡು ಎಷ್ಟೋ ವರ್ಷ ನೂಕಬಹುದು ಎಂದು ಡಾಕ್ಟರು ಅಂದುಕೊಂಡಿದ್ದರು. ಆದರೆ ಆ ಜಾಗದ ಗೆಡ್ಡೆಯನ್ನು ಕೋಶದ ಮುಖ ನೋಡಿ ನಂಬುವಂತಿಲ್ಲ. ಇನ್ನೊಂದು ಪರೀಕ್ಷೆ ಬೇಕು, ಒಂದು ಗುರುತಿನದು. ಗುರುತು ಇದ್ದರೆ ಮಗುವಿಗೆ ವರ್ಷಗಳು, ಇಲ್ಲದಿದ್ದರೆ ತಿಂಗಳುಗಳು. ಬಣ್ಣದಕ್ಕ ಆ ಬಣ್ಣ ಹಾಕಿದಳು, ಡಾಕ್ಟರು ನೋಡಿದರು, 'ಗುರುತು ಇಲ್ಲ' ಎಂದು ರಿಪೋರ್ಟ್ ಹೋಯಿತು.

ಈಗ ಮೀಟರಿನವರು ಬ್ಲಾಕ್ ತೆಗೆದುಕೊಂಡು ಹೋಗಲು ಬಂದಿದ್ದರು. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಈ ರೋಗಕ್ಕೆ ಹೊಸದೊಂದು ಔಷಧಿ ಪ್ರಯೋಗ ಮಾಡುತ್ತಿದ್ದರಂತೆ. ಮಗುವನ್ನು ಸೇರಿಸಿಕೊಳ್ಳಬೇಕಾದರೆ ಆ ಬ್ಲಾಕಿನಿಂದ ಹತ್ತು ಪದರ ಬೇಕು ಎಂದಿದ್ದರು. ಇಲ್ಲಿ ಮರುದಿನ ಬೆಳಿಗ್ಗೆ ರೇಡಿಯೇಷನ್‌ಗಾಗಿ, ತಲೆ ಅಲುಗದಂತೆ ಹಿಡಿಯಲು, ಮಗುವಿನ ಮುಖಕ್ಕೆ ಅಚ್ಚು ತೆಗೆಯುವುದಿತ್ತು.

ಅವರು ಪುಸ್ತಕದಲ್ಲಿ ಸಹಿ ಹಾಕಿ ಬ್ಲಾಕನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಹೋಗಲಿಲ್ಲ.

"ಅಮ್ಮಾ, ಒಂದು ಮಾತು ಕೇಳ್ಲಾ? ಈ ಗುರುತು ಅಂದ್ರೆ ಏನು? ಮೇಲೆ ಡಾಕ್ಟ್ರು ಹೇಳಿದ್ರು, ನನ್ನ ತಲೆಗೆ ಹತ್ತಲಿಲ್ಲ. ಹೂಂ ಹೂಂ ಅಂದು ಬಂದೆ."

ಅದನ್ನು ಹೇಳುವುದು ಬಣ್ಣದಕ್ಕನ ಕೆಲಸವಲ್ಲ. ಆದರೆ ಹತ್ತೊಂಬತ್ತು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಹೀಗೆ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದವರು ಯಾರೂ ಇರಲಿಲ್ಲ. ಕೈಗವಸು ಬಿಚ್ಚಿಟ್ಟು ಹತ್ತಿರ ಬಂದಳು.

"ನೋಡಿ, ನಮ್ಮ ಮೈಯಲ್ಲಿ ಎಷ್ಟು ಜೀವಕೋಶ ಇವೆಯೋ ಅಷ್ಟರಲ್ಲೂ ಒಂದೇ ದಾರ ಇರುತ್ತೆ. ಬಿಚ್ಚಿ ಎಳೆದ್ರೆ ಆಳುದ್ದ. ಸುಮ್ನೆ ತುರುಕಿದ್ರೆ ಗಂಟಾಗುತ್ತಲ್ಲ, ಅದಕ್ಕೆ ಸಣ್ಣ ಸಣ್ಣ ಉಂಡೆಗೆ ಸುತ್ತಿಟ್ಟಿರುತ್ತೆ. ಆ ಉಂಡೆಗೆ ಹಿಸ್ಟೋನ್ ಅಂತಾರೆ. ಅದಕ್ಕೊಂದು ಬಾಲ. ಬಾಲದಲ್ಲಿ ಇಪ್ಪತ್ತೇಳನೇ ಜಾಗ ಅಂತ ಒಂದಿದೆ, ಅಲ್ಲಿ ಮೀಥೈಲ್ ಅನ್ನೋ ಮೂರು ಚಿಕ್ಕ ಕಣ ಕೂತವು ಅನ್ನಿ, ಅದೇ ಗುರುತು, ಅಲ್ಲಿನ ದಾರ ಮುಚ್ಚಿಕೊಂಡಿರುತ್ತೆ. ಅದರಲ್ಲಿ ಬರೆದಿದ್ದನ್ನ ಯಾರೂ ಓದಲ್ಲ."

"ನಾವು ಫ್ಯೂಸ್ ಕಿತ್ತು ಪೆಟ್ಟಿಗೆ ಮೇಲೆ ಚೀಟಿ ಅಂಟಿಸ್ತೀವಲ್ಲ, ಮುಟ್ಟಬೇಡಿ ಅಂತ. ಆ ಥರಾನಾ?"

"ಅದೇ ಥರ. ಕಣ್ಣಿಗೂ ಉಗುರಿಗೂ ದಾರ ಒಂದೇ. ಚೀಟಿ ಎಲ್ಲೆಲ್ಲಿ ಅಂಟಿದೆ ಅನ್ನೋದರ ಮೇಲೆ ಕಣ್ಣು ಕಣ್ಣಾಗುತ್ತೆ, ಉಗುರು ಉಗುರಾಗುತ್ತೆ. ಹೊಟ್ಟೇಲಿದ್ದಾಗ ಮಗು ಬೆಳೀಬೇಕಲ್ಲ, ಆಗಿನ ಎಷ್ಟೋ ಕೆಲಸ ಆಮೇಲೆ ನಿಲ್ಲಬೇಕು. ನಿಲ್ಲಿಸೋದು ಈ ಚೀಟೀನೇ. ಉಂಡೆಯ ಬಾಲವೇ ಕೆಟ್ಟಿದ್ರೆ ಚೀಟಿ ಅಂಟಲ್ಲ. ಚೀಟಿ ಹೋಯ್ತು ಅಂದ್ರೆ ಕೋಶಕ್ಕೆ ತಾನು ದೊಡ್ಡದಾಗಬೇಕು ಅನ್ನೋದೇ ಮರೆತುಹೋಗುತ್ತೆ. ಎರಡಾಗೋದು, ನಾಲ್ಕಾಗೋದು, ಅಷ್ಟೇ ಗೊತ್ತು."

"ಎಲ್ಲಾ ಉಂಡೇನೂ ಕೆಟ್ಟುಹೋಗಿರುತ್ತಾ?"

"ಅದೇ ಅನ್ಯಾಯ ನೋಡಿ. ಹತ್ತರಲ್ಲಿ ಒಂದು ಕೆಟ್ಟಿದ್ರೂ ಸಾಕು. ಚೀಟಿ ಅಂಟಿಸೋ ಕೈ ಅದರ ಹತ್ತಿರ ಹೋಗಿ ಸಿಕ್ಕಿಹಾಕಿಕೊಳ್ಳುತ್ತೆ. ಮಿಕ್ಕ ಒಂಬತ್ತಕ್ಕೂ ಚೀಟಿ ಬೀಳಲ್ಲ."

ಮೀಟರಿನವರು ಅಂಗೈಯ ಬ್ಲಾಕನ್ನು ತಿರುವಿ ನೋಡಿದರು.

"ಅದು ಇದೆ, ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಚೀಟಿ ಇದ್ದ ಕಡೆ ಕಂದು ಬರುತ್ತೆ. ಇಲ್ಲದ ಕಡೆ ಬರಲ್ಲ, ನಾವು ಕೊನೆಗೆ ಹಾಕೋ ನೀಲಿ ಮಾತ್ರ ಉಳಿಯುತ್ತೆ."

"ಹಾಗಾದ್ರೆ ಬಣ್ಣ ಬರಲಿಲ್ಲ ಅಂದ್ರೆ ಚೀಟಿ ಇಲ್ಲ ಅಂತಲೇ ಯಾಕಿರಬೇಕು?" ಅವರ ದನಿಯಲ್ಲಿ ಜಗಳವಿರಲಿಲ್ಲ, ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು. "ತಪ್ಪು ತಿಳ್ಕೋಬೇಡಿ. ನಮ್ಮ ಕೆಲಸದಲ್ಲೂ ಹೀಗೇ ಆಗುತ್ತೆ. ಒಂದು ಮನೆ ಮೀಟರ್ ತಿರುಗ್ತಾ ಇಲ್ಲ. ಮನೇಲಿ ಯಾರೂ ಇಲ್ಲ ಅಂತ ಬರೆದುಬಿಟ್ರೆ ಆಯ್ತಾ? ಬೀದೀಲೇ ಕರೆಂಟ್ ಹೋಗಿದ್ರೆ? ಮೊದಲು ಪಕ್ಕದ ಮನೆ ನೋಡ್ಬೇಕು. ಅಲ್ಲಿ ದೀಪ ಉರೀತಿದ್ದು ಇಲ್ಲಿ ಮಾತ್ರ ತಿರುಗದಿದ್ರೆ ಆಗ ಬರೀಬೇಕು."

ಬಣ್ಣದಕ್ಕನಿಗೆ ಒಳಗೊಳಗೇ ಚುರುಕ್ಕೆಂದಿತು. ತನ್ನ ಕೈಯನ್ನು ಅನುಮಾನಿಸಿದವರೂ ಯಾರೂ ಇರಲಿಲ್ಲ. ಆದರೂ ನಕ್ಕಳು. "ನಮಗೂ ಪಕ್ಕದ ಮನೆ ಇದೆ. ಗೆಡ್ಡೆ ಒಳಗೆ ರಕ್ತನಾಳ ಇರುತ್ತಲ್ಲ, ಅದರ ಗೋಡೇಲಿರೋದು ಒಳ್ಳೇ ಕೋಶ. ಅದರಲ್ಲಿ ಚೀಟಿ ಇದ್ದೇ ಇರುತ್ತೆ. ಅದು ಕಂದಾಗಿ, ಸುತ್ತ ಬರೀ ನೀಲಿ ಇದ್ರೆ ಮಾತ್ರ ಇಲ್ಲ ಅಂತ ಬರೆಯೋದು. ಡಾಕ್ಟ್ರು ನೋಡಿಯೇ ಬರೆದಿರ್ತಾರೆ."

"ಸರಿ ಅಮ್ಮ. ನೋಡಿದ್ದಾರಲ್ಲ, ಅಷ್ಟು ಸಾಕು." ಬ್ಲಾಕನ್ನು ಕರವಸ್ತ್ರದಲ್ಲಿ ಸುತ್ತಿ ಟಾರ್ಚಿನ ಪಕ್ಕ ಇಟ್ಟುಕೊಂಡು ಹೊರಟರು.

ಬ್ಲಾಕ್ ಹೋಗಿತ್ತು, ಸ್ಲೈಡ್ ಲ್ಯಾಬಿನಲ್ಲೇ ಇತ್ತು. ಬಣ್ಣದಕ್ಕ ಅದನ್ನು ಹುಡುಕಿ ತೆಗೆದದ್ದು ಅನುಮಾನದಿಂದಲ್ಲ, ಕೊಬ್ಬಿನಿಂದ. ತನ್ನ ಮಾತು ಸರಿ ಎಂದು ತಾನೇ ಒಮ್ಮೆ ನೋಡಿ ಖುಷಿಪಡೋಣ ಎಂದು. ಊಟದ ಹೊತ್ತಿನಲ್ಲಿ ಡಾಕ್ಟರ ಕುರ್ಚಿ ಖಾಲಿಯಿತ್ತು. ಕೂತು ಕಣ್ಣಿಟ್ಟಳು.

ನೀಲಿ. ಎಲ್ಲೆಲ್ಲೂ ನೀಲಿ. ಅಷ್ಟು ಚಿಕ್ಕ ಚೂರಿನಲ್ಲಿ ಒಂದೇ ಒಂದು ರಕ್ತನಾಳವಿತ್ತು, ಅಡ್ಡ ಕತ್ತರಿಸಿದ ಕೊಳವೆಯ ಹಾಗೆ ಮೂಲೆಯಲ್ಲಿ ಬಿದ್ದಿತ್ತು. ಅಲ್ಲಿ ಕಂದು ಇತ್ತು. ಸದ್ಯ, ಎಂದುಕೊಂಡು ಲೆನ್ಸ್ ಬದಲಿಸಿ ಹತ್ತಿರದಿಂದ ನೋಡಿದಳು. ಕಂದು ಇದ್ದದ್ದು ಕೊಳವೆಯ ಒಳಗೆ, ನಿಂತ ರಕ್ತದಲ್ಲಿ. ರಕ್ತಕ್ಕೆ ತನ್ನದೇ ಒಂದು ಗುಣವಿದೆ, ದ್ರವ ಹಾಕಿ ಎಷ್ಟು ತಣಿಸಿದರೂ ಕೆಲವೊಮ್ಮೆ ಆ ಕಂದನ್ನು ಅದು ತಾನಾಗಿ ಕುಡಿದುಬಿಡುತ್ತದೆ. ಅದಕ್ಕೂ ಗುರುತಿಗೂ ಸಂಬಂಧವೇ ಇಲ್ಲ. ಗೋಡೆಯ ಕೋಶಗಳು ಐದೋ ಆರೋ ಇದ್ದವು. ಅಷ್ಟೂ ನೀಲಿ.

ಬೀದಿಯಲ್ಲೇ ಕರೆಂಟ್ ಇರಲಿಲ್ಲ.

ಅವಳು ಎದ್ದು ಬಣ್ಣ ಹಾಕುವ ಮೇಜಿನ ಹತ್ತಿರ ಹೋದಳು. ಸ್ಲೈಡುಗಳ ಮೇಲೆ, ಗುರುತನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿಯ ಹನಿ ಹಾಕಿ, ಒಣಗದಂತೆ ಒಂದು ಗಂಟೆ ಮುಚ್ಚಿಡುವ ಡಬ್ಬಿ ಅಲ್ಲಿತ್ತು. ಅದರ ಒಂದು ರಬ್ಬರ್ ಕಾಲು ಕಳಚಿ ಆರು ತಿಂಗಳಾಗಿತ್ತು. ರಟ್ಟು ಮಡಚಿ ಅಡಿಗೆ ಕೊಟ್ಟವಳು ಅವಳೇ. ಈಗ ಬೆರಳಿನಿಂದ ಒತ್ತಿ ನೋಡಿದಳು. ರಟ್ಟು ನೀರು ಕುಡಿದು ಮೆತ್ತಗಾಗಿ ಕುಸಿದಿತ್ತು. ಡಬ್ಬಿ ಆ ಮೂಲೆಗೆ ವಾಲಿತ್ತು. ಹನಿ ಜಾರಿಹೋಗಿದೆ, ಅಕ್ಕಿಕಾಳಿನಷ್ಟು ಚೂರಿನ ಮೇಲೆ ನಿಂತೇ ಇಲ್ಲ. ಪ್ರತಿ ಸಲ ಜೊತೆಗೆ ಹಾಕುವ, ಗುರುತು ಇದ್ದೇ ಇರುವ ಪರೀಕ್ಷೆಯ ಸ್ಲೈಡ್ ಇನ್ನೊಂದು ತುದಿಯಲ್ಲಿತ್ತು, ಅದು ಚೆನ್ನಾಗಿ ಕಂದಾಗಿ ಎಲ್ಲರನ್ನೂ ನಂಬಿಸಿತ್ತು.

ಡಾಕ್ಟರು ಊಟ ಮುಗಿಸಿ ಬಂದಾಗ ಸ್ಲೈಡ್ ಮುಂದಿಟ್ಟಳು. ಅವರು ನೋಡಿದರು. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ನಾನು ಓದಿದ್ದು ರಕ್ತದ ಕಂದು."

"ನನ್ನ ರಟ್ಟು ಸಾರ್. ಡಬ್ಬಿ ವಾಲಿತ್ತು."

"ನಿನ್ನ ರಟ್ಟು, ನನ್ನ ಕಣ್ಣು." ಅವರು ಕುರ್ಚಿಗೆ ಒರಗಿದರು. "ಕೆಟ್ಟ ಉಂಡೆಯನ್ನೇ ನೇರವಾಗಿ ಹಿಡಿಯೋ ಆಂಟಿಬಾಡಿ ಇದ್ದಿದ್ರೆ ಈ ಗೋಳೇ ಇರ್ತಿರಲಿಲ್ಲ. ಮೂರು ತಿಂಗಳಿಂದ ಸ್ಟಾಕ್ ಇಲ್ಲ. ಇದನ್ನೇ ಮತ್ತೆ ಹಾಕ್ಬೇಕು. ಬ್ಲಾಕ್ ಎಲ್ಲಿ?"

"ಅವರಪ್ಪ ತಗೊಂಡ್ರು."

"ಎಷ್ಟು ಉಳಿದಿದೆ ಅದರಲ್ಲಿ?"

"ಹನ್ನೆರಡು ಪದರ ಇರಬಹುದು ಸಾರ್. ಆದ್ರೆ ಒಂದು ಸಲ ಯಂತ್ರದಿಂದ ಇಳಿಸಿದ ಬ್ಲಾಕು. ನಮ್ಮ ಹಳೇ ಯಂತ್ರಕ್ಕೆ ಮತ್ತೆ ಏರಿಸಿದ್ರೆ ಮುಖ ಮಟ್ಟ ಮಾಡೋಕೆ ಐದಾರು ಪದರ ಹಾಗೇ ಹೋಗುತ್ತೆ, ದೊಡ್ಡ ಆಸ್ಪತ್ರೆಯ ಹೊಸ ಯಂತ್ರಕ್ಕಾದ್ರೆ ಒಂದೆರಡು. ಆ ಆಸ್ಪತ್ರೆಯವರು ಹತ್ತು ಕೇಳಿದ್ದಾರೆ."

ಗುರುತು ಇದೆ ಎಂದಾದರೆ ಆ ದೊಡ್ಡ ಆಸ್ಪತ್ರೆಯೂ ಬೇಡ, ಅವರ ಔಷಧಿಯೂ ಬೇಡ, ಮಗು ಬದುಕುತ್ತದೆ. ಇಲ್ಲ ಎಂದಾದರೆ ಉಳಿದಿದ್ದ ಒಂದೇ ಬಾಗಿಲನ್ನೂ ಇವರೇ ಮುಚ್ಚಿದ ಹಾಗೆ. ಮತ್ತೊಮ್ಮೆ ಆ ತಲೆಯೊಳಗೆ ಸೂಜಿ ಇಳಿಸಲು ಯಾವ ಡಾಕ್ಟರೂ ಒಪ್ಪುವುದಿಲ್ಲ, ಮೊದಲ ಸಲವೇ ಎಡಗೈ ಅರ್ಧ ಹೋಗಿತ್ತು.

"ಮತ್ತೆ ಹಾಕದೆ ಇರೋ ಹಾಗಿಲ್ಲ" ಎಂದರು ಡಾಕ್ಟರು. "ಹೋಗಿ ಬ್ಲಾಕ್ ಇಸ್ಕೊಂಡು ಬಾ. ಒಂದು ಸೀಲ್ ಬಾಕಿ ಇದೆ ಅನ್ನು. ಬೇರೇನೂ ಬಾಯಿ ಬಿಡಬೇಡ. ಇಲ್ಲದ ಆಸೆ ಹುಟ್ಟಿಸಿದ ಪಾಪ ನಮಗೆ ಬೇಡ."

ಮೂರು ಮಹಡಿ ಹತ್ತುವಷ್ಟು ಹೊತ್ತೂ ಬಣ್ಣದಕ್ಕ ಸೀಲಿನ ಮಾತನ್ನೇ ಬಾಯಿಪಾಠ ಮಾಡಿಕೊಂಡಳು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಮೀಟರಿನವರು ಕೂತಿದ್ದರು. ಪಕ್ಕದಲ್ಲಿ ಮಗಳು, ತಲೆಯ ಒಂದು ಕಡೆ ಬೋಳಿಸಿ ಪಟ್ಟಿ ಕಟ್ಟಿತ್ತು. ಅವಳು ಬಲಗೈಯಲ್ಲಿ ಟಾರ್ಚ್ ಹಿಡಿದು ಎಡಗೈಯ ಬೆರಳುಗಳಿಗೆ ಒಂದೊಂದಾಗಿ ಬೆಳಕು ಬಿಡುತ್ತಿದ್ದಳು. ತಾಯಿ ಒಳಗೆ ಬಟ್ಟೆ ಮಡಚುತ್ತಿದ್ದಳು.

"ಇವಳೇ ನೋಡಿ ನಮ್ಮ ಅರ್ಧ ಯೂನಿಟ್" ಎಂದರು ಮೀಟರಿನವರು. "ಹುಟ್ಟಿದಾಗ ಅಷ್ಟೇ ಇದ್ಲು, ಮೀಟರಿಗೂ ಹತ್ತದಷ್ಟು. ಅದೇ ಹೆಸರು ನಿಂತುಬಿಡ್ತು. ಏನಮ್ಮ, ಇಲ್ಲೀವರೆಗೂ ಬಂದ್ರಿ?"

"ಬ್ಲಾಕ್ ಬೇಕಿತ್ತು. ಒಂದು ಸೀಲ್..." ಎಂದಳು ಬಣ್ಣದಕ್ಕ. ಆ ಮನುಷ್ಯ ಬೇರೇನೂ ಕೇಳದೆ ಜೇಬಿಗೆ ಕೈ ಹಾಕಿ ಕರವಸ್ತ್ರ ಬಿಚ್ಚುತ್ತಿದ್ದರು. ಒಂದು ಸೀಲಿಗಾಗಿ ಕೊಡುತ್ತಿದ್ದರು, ಮಗಳ ಹತ್ತು ಪದರವನ್ನು. ಅದು ಅವಳಿಂದ ನೋಡಲಾಗಲಿಲ್ಲ.

"ಸೀಲ್ ಅಲ್ಲ" ಎಂದಳು. "ನೀವು ಕೇಳಿದ್ರಲ್ಲ, ಪಕ್ಕದ ಮನೆ. ಹೋಗಿ ನೋಡಿದೆ. ಅಲ್ಲೂ ದೀಪ ಇರಲಿಲ್ಲ. ನನ್ನ ತಪ್ಪಿಂದ ಬಣ್ಣ ಅಂಟಿಲ್ಲ. ಗುರುತು ಇದೆಯೋ ಇಲ್ಲವೋ ನಮಗೆ ಈಗ ಗೊತ್ತಿಲ್ಲ."

ಮೀಟರಿನವರ ಕೈ ಕರವಸ್ತ್ರದ ಮೇಲೆ ನಿಂತಿತು. ಅವಳು ಉಳಿದದ್ದನ್ನೂ ಹೇಳಿದಳು, ಪದರದ ಲೆಕ್ಕ, ದೊಡ್ಡ ಆಸ್ಪತ್ರೆಗೆ ಆಮೇಲೆ ಸಾಲದೆ ಹೋಗುವುದು, ಎಲ್ಲವನ್ನೂ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಅವರ ಮುಖ ಅರಳುತ್ತಾ ಇತ್ತು. ಅದನ್ನು ನೋಡಿದಾಗ ಬಣ್ಣದಕ್ಕನಿಗೆ ಡಾಕ್ಟರು ಹೇಳಿದ ಪಾಪ ಯಾವುದೆಂದು ತಿಳಿಯಿತು.

"ಅಂದ್ರೆ ಇರಬಹುದು."

"ಇರಬಹುದು. ಇಲ್ಲದೇನೂ ಇರಬಹುದು. ದಯವಿಟ್ಟು ಈಗಲೇ ಏನೂ ಅಂದ್ಕೋಬೇಡಿ."

"ಇಲ್ಲ ಇಲ್ಲ, ಅಂದ್ಕೊಳ್ಳಲ್ಲ" ಎಂದು ಅವರು ಎದ್ದು ಬ್ಲಾಕನ್ನು ಅವಳ ಕೈಗಿಟ್ಟರು. "ತಗೊಳ್ಳಿ. ಎಷ್ಟು ಬೇಕೋ ಅಷ್ಟು ಕತ್ತರಿಸಿ." ಆಗಲೇ ವಾರ್ಡಿನ ಬಾಗಿಲ ಕಡೆಗೆ ತಿರುಗಿ ಹೆಂಡತಿಯನ್ನು ಕರೆಯುತ್ತಿದ್ದರು.

ಅರ್ಧ ಯೂನಿಟ್ ಟಾರ್ಚನ್ನು ಬಣ್ಣದಕ್ಕನ ಮುಖಕ್ಕೆ ಬಿಟ್ಟಳು. "ಆಂಟಿ, ನನ್ನ ತಲೆಗೆ ಬಣ್ಣ ಹಾಕ್ತೀರಾ?"

"ತಲೆಗಲ್ಲ ಕಂದ. ಇದರೊಳಗೆ ಒಂದು ಚೂರಿದೆ, ಅದಕ್ಕೆ."

"ಯಾವ ಬಣ್ಣ ಬರಬೇಕು?"

"ಕಂದು."

"ಛೀ, ಕಂದು ಯಾರಿಗೆ ಬೇಕು! ನೀಲಿ ಹಾಕಿ. ನಂಗೆ ನೀಲಿ ಇಷ್ಟ."

ಒಳಗಿನಿಂದ ತಾಯಿಯ ನಗು ಕೇಳಿಸಿತು. ಅಳುವಿಗೆ ತೀರ ಹತ್ತಿರದ ನಗು. ಬಣ್ಣದಕ್ಕ ಬ್ಲಾಕ್ ಹಿಡಿದುಕೊಂಡು ಕೆಳಗೆ ಓಡಿದಳು.

ಡಾಕ್ಟರು ಬೈಯಲಿಲ್ಲ. "ಹೇಳ್ಬಿಟ್ಯಾ?" ಎಂದರು. ಅವಳು ತಲೆಯಾಡಿಸಿದಳು. "ಆಯ್ತು ಬಿಡು" ಎಂದು ಮೈಕ್ರೋಸ್ಕೋಪಿಗೆ ತಿರುಗಿದರು. ಬೈದಿದ್ದರೆ ವಾಸಿಯಿತ್ತು.

ಬಣ್ಣ ಹಾಕುವುದು ಸಂಜೆಯೊಳಗೆ ಮುಗಿಯುವ ಕೆಲಸವಲ್ಲ, ಮರುದಿನಕ್ಕೆ ಉಳಿಯಿತು. ಅವತ್ತು ರಾತ್ರಿ ಮನೆಯಲ್ಲಿ ತಟ್ಟೆಯ ಮುಂದೆ ಕೂತವಳು ಅನ್ನ ಕಲಸುತ್ತಲೇ ಇದ್ದಳು. ಗಂಡ ಗಾರೆ ಕೆಲಸದವನು, ಮಾತು ಕಡಿಮೆ. ಮುಖ ನೋಡಿ ಏನಾಯಿತೆಂದು ಕೇಳಿದ. ಅವಳು ರಟ್ಟಿನ ವಿಷಯ ಹೇಳಿದಳು.

"ನಾವು ಒಂದು ಕಟ್ಟೆ ಕಟ್ಟೋಕೂ ಮಟ್ಟ ಹಿಡಿದು ನೋಡ್ತೀವಿ" ಎಂದ ಅವನು. "ನೀವು ರಟ್ಟು ಇಡ್ತೀರಾ?" ಹೇಳಿದ ಮೇಲೆ ಅವನಿಗೇ ಅಯ್ಯೋ ಅನ್ನಿಸಿರಬೇಕು, ಎದ್ದು ಹೋಗಿ ತನ್ನ ಕೆಲಸದ ಚೀಲದಿಂದ ರಸಮಟ್ಟ ತಂದು ಅವಳ ಚೀಲಕ್ಕೆ ಹಾಕಿದ.

ಮರುದಿನ ಬೆಳಿಗ್ಗೆ ಅವಳು ಡಬ್ಬಿಯ ಉಳಿದ ಮೂರು ಕಾಲನ್ನೂ ಕಿತ್ತು ಅದನ್ನು ಮೇಜಿನ ಕಲ್ಲಿನ ಮೇಲೆ ನೇರವಾಗಿ ಕೂರಿಸಿದಳು. ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿದಳು. ಗುಳ್ಳೆ ನಡುವೆ ನಿಂತಿತು. ಬ್ಲಾಕನ್ನು ಮಂಜುಗಡ್ಡೆಯ ಮೇಲಿಟ್ಟು ತಣಿಸಿ ಯಂತ್ರಕ್ಕೆ ಏರಿಸಿದಳು. ಉಸಿರು ಬಿಟ್ಟರೂ ಹಾರಿಹೋಗುವ ಪದರ, ಹಾಗಾಗಿ ಹಲ್ಲು ಕಚ್ಚಿ ಉಸಿರು ಹಿಡಿದು ಚಕ್ರ ತಿರುಗಿಸಿದಳು. ಮೊದಲನೆಯದು ಅರ್ಧ ಮೇಣ. ಎರಡನೆಯದು ಹರಿಯಿತು. ಮೂರು, ನಾಲ್ಕು, ಐದು ಓರೆ. ಆರನೆಯದು ಮುಖ ಪೂರ್ತಿ ಬಂತು. ಅದನ್ನು ನೀರಿನ ಮೇಲೆ ತೇಲಿಸಿ ಗಾಜಿಗೆ ಹತ್ತಿಸಿದಳು. ಬ್ಲಾಕಿನಲ್ಲಿ ಉಳಿದದ್ದನ್ನು ಬೆಳಕಿಗೆ ಹಿಡಿದು ನೋಡಿದಳು. ಸಾಸಿವೆಯಷ್ಟು ಇತ್ತು, ಆರು ಪದರಕ್ಕೂ ಸಾಲುವುದು ಕಷ್ಟ.

ಲ್ಯಾಬಿನ ಬಾಗಿಲಿನಲ್ಲಿ ಗಾಜಿನ ಕಿಟಕಿಯಿತ್ತು. ಹೊರಗಿನ ಬೆಂಚಿನಲ್ಲಿ ಆ ಮೂವರೂ ಬಂದು ಕೂತಿದ್ದರು. ಅಪ್ಪ ಕೆಲಸದ ಅಂಗಿ ಬಿಟ್ಟು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ರೇಡಿಯೇಷನ್ ಅಚ್ಚಿನ ಸಮಯ ಒಂಬತ್ತಕ್ಕಿತ್ತು. ಗಂಟೆ ಹತ್ತಾಗಿತ್ತು. ಅವರು ಹೋಗಿರಲಿಲ್ಲ. ಮುಂದಿನ ಸರದಿ ಇನ್ನು ಎಂಟು ದಿನದ ಮೇಲೆಯೇ ಎಂದು ಬಣ್ಣದಕ್ಕನಿಗೆ ಗೊತ್ತಿತ್ತು. ಅವರಿಗೂ ಗೊತ್ತಿದ್ದಿರಬೇಕು.

ಮೇಣ ಕರಗಿಸಿದಳು. ಸ್ಲೈಡನ್ನು ಕುದಿಸಿದಳು, ಮುಚ್ಚಿಕೊಂಡ ಕೋಶ ಬಾಯಿ ಬಿಡಲೆಂದು. ರಕ್ತದ ಕಂದನ್ನು ತಣಿಸುವ ದ್ರವ ಹೊಸ ಬಾಟಲಿಯಿಂದ ಹಾಕಿ ಎರಡರಷ್ಟು ಹೊತ್ತು ಬಿಟ್ಟಳು. ಆಂಟಿಬಾಡಿ ಹನಿ ಹಾಕಿ ಡಬ್ಬಿ ಮುಚ್ಚಿದವಳು ಒಂದು ಗಂಟೆ ಅಲ್ಲಿಂದ ಕದಲಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಹನಿ ತನ್ನ ಜಾಗದಲ್ಲಿದೆಯೇ ಎಂದು ನೋಡುತ್ತಿದ್ದಳು. ಜಾಗದಲ್ಲೇ ಇತ್ತು, ಕಣ್ಣೀರಿನ ಹಾಗೆ ಗುಂಡಗೆ ನಿಂತಿತ್ತು. ಕೊನೆಗೆ ಕಂದಿನ ದ್ರವ, ಆಮೇಲೆ ನೀಲಿ. ತೊಳೆದು, ಒಣಗಿಸಿ, ಮೇಲೆ ಗಾಜು ಮುಚ್ಚಿದಳು.

ಸ್ಲೈಡನ್ನು ಬರಿಗಣ್ಣಿಗೆ ಎತ್ತಿ ಹಿಡಿದು ನೋಡಬಾರದೆಂದು ಎಷ್ಟು ಅಂದುಕೊಂಡರೂ ನೋಡಿಬಿಟ್ಟಳು. ಏನೂ ತಿಳಿಯಲಿಲ್ಲ.

ಡಾಕ್ಟರು ಕುರ್ಚಿ ಬಿಟ್ಟುಕೊಟ್ಟರು. "ನೀನೇ ಮೊದಲು ನೋಡು."

ಅವಳು ರಕ್ತನಾಳ ಹುಡುಕಿದಳು. ಸಿಕ್ಕಿತು. ಒಳಗಿನ ರಕ್ತ ಈ ಸಲ ಬಣ್ಣವಿಲ್ಲದೆ ತಣ್ಣಗಿತ್ತು. ಗೋಡೆಯ ಕೋಶಗಳು ಕಂದಾಗಿದ್ದವು. ಆರಕ್ಕೆ ಆರೂ, ಕಡುಕಂದು, ಎಣಿಸುವಷ್ಟು ಸ್ಪಷ್ಟ. ಹತ್ತೊಂಬತ್ತು ವರ್ಷದಲ್ಲಿ ಅವಳು ಹಾಕಿದ್ದರಲ್ಲೇ ಅಷ್ಟು ಚೊಕ್ಕವಾದ ಬಣ್ಣ ಇನ್ನೊಂದಿರಲಿಲ್ಲ.

ಆಮೇಲೆ ಸ್ಲೈಡನ್ನು ಮೆಲ್ಲಗೆ ಸರಿಸಿದಳು. ನಾಳದಿಂದಾಚೆ ನೀಲಿ. ಇನ್ನೂ ಸರಿಸಿದಳು. ನೀಲಿ. ಅಂಚಿನಿಂದ ಅಂಚಿಗೆ, ಸಾಧುಮುಖದ ಸಾವಿರ ಕೋಶ, ಒಂದರಲ್ಲೂ ಚೀಟಿಯಿಲ್ಲ. ಎಲ್ಲಾದರೂ ಒಂದು ಕಂದು ಕಂಡೀತೇ ಎಂದು ಮೊದಲಿಂದ ಮತ್ತೆ ನೋಡಿದಳು. ಮೂರನೆಯ ಸಲವೂ ನೋಡುತ್ತಿದ್ದಾಗ ಡಾಕ್ಟರು ಅವಳ ಭುಜ ಮುಟ್ಟಿದರು.

"ಏಳಮ್ಮ. ನಾನು ನೋಡ್ತೀನಿ."

ಅವರು ಒಂದು ನಿಮಿಷವೂ ನೋಡಲಿಲ್ಲ. "ರಿಪೋರ್ಟ್ ಬದಲಾಯಿಸೋದೇನಿಲ್ಲ" ಎಂದರು. "ಇಬ್ರೂ ತಪ್ಪು ಮಾಡಿ ಸರಿಯಾದ ಉತ್ತರ ಬರೆದಿದ್ವಿ. ಹೊರಗೆ ನಾನು ಹೇಳ್ತೀನಿ, ನೀನು ಬರೋದು ಬೇಡ."

"ಇಲ್ಲ ಸಾರ್. ಆಸೆ ಹುಟ್ಟಿಸಿದ್ದು ನಾನು."

ಬಾಗಿಲು ತೆಗೆದಾಗ ಮೂವರೂ ಎದ್ದು ನಿಂತರು. ತಾಯಿ ಅವಳ ಮುಖ ನೋಡಿ ತಕ್ಷಣ ಗೋಡೆಯ ಕಡೆಗೆ ತಿರುಗಿಕೊಂಡಳು. ಬಣ್ಣದಕ್ಕ ಹೇಳಬೇಕೆಂದುಕೊಂಡು ಬಂದ ಮಾತು ಉದ್ದವಾಗಿತ್ತು, ಕ್ಷಮೆ ಕೇಳುವುದಿತ್ತು, ಪದರದ ವಿಷಯವಿತ್ತು.

ಅದಕ್ಕೆ ಮೊದಲೇ ಮೀಟರಿನವರು ಕೇಳಿದರು. "ಬೀದೀಲಿ ಕರೆಂಟ್ ಇತ್ತಾ?"

"ಇತ್ತು."

"ಚೆನ್ನಾಗಿ ನೋಡಿದ್ರಾ?"

"ಮೂರು ಸಲ ನೋಡಿದೆ. ಪಕ್ಕದ ಮನೇಲಿ ಎಲ್ಲಾ ದೀಪ ಉರೀತಿತ್ತು."

ಅವರು ತಲೆಯಾಡಿಸಿದರು. ತಮ್ಮ ಕೆಲಸದಲ್ಲಿ ಒಂದು ಮನೆಯ ಲೆಕ್ಕ ಬರೆದು ಮುಗಿಸಿದಾಗ ಹೀಗೇ ತಲೆಯಾಡಿಸುತ್ತಿದ್ದರೋ ಏನೋ. ಇಸ್ತ್ರಿ ಅಂಗಿಯ ತೋಳನ್ನು ಸುಮ್ಮನೆ ಮಡಚಿದರು, ಮತ್ತೆ ಬಿಚ್ಚಿದರು.

"ಬ್ಲಾಕಲ್ಲಿ ಏನಾದ್ರೂ..."

"ಆ ದೊಡ್ಡ ಆಸ್ಪತ್ರೆಗೆ ಸಾಲಲ್ಲ. ನನ್ನನ್ನ ಬೈದುಬಿಡಿ."

"ಯಾಕಮ್ಮ ಬೈಯ್ಲಿ? ಕೇಳಿದ್ದು ನಾನೇ ಅಲ್ವಾ." ಸ್ವಲ್ಪ ತಡೆದು, ಹೆಂಡತಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದರು. "ನಾನು ಬಾಯಿ ಮುಚ್ಕೊಂಡು ಹೋಗ್ಬೇಕಿತ್ತು. ಅಷ್ಟೇ."

ಬಣ್ಣದಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವರ ಮಾತು ಸುಳ್ಳು, ಆ ಪ್ರಶ್ನೆಯನ್ನು ತಾನೂ ಡಾಕ್ಟರೂ ಮೊದಲೇ ಕೇಳಿಕೊಳ್ಳಬೇಕಿತ್ತು, ಅವರು ಕೇಳಿದ್ದರಲ್ಲಿ ತಪ್ಪಿಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಿದರೂ ಅವರು ನಂಬುತ್ತಿರಲಿಲ್ಲ.

ಅರ್ಧ ಯೂನಿಟ್ ಅಪ್ಪನ ಅಂಗಿ ಜಗ್ಗಿದಳು. "ಅಪ್ಪಾ, ಯಾವ ಬಣ್ಣ ಬಂತಂತೆ?"

ಮೀಟರಿನವರು ಮೊಣಕಾಲೂರಿ ಕೂತು ಮಗಳ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ನೀಲಿ ಕಣೇ" ಎಂದರು. "ನೀನು ಕೇಳಿದ್ದೇ ಬಂತು."

"ನಾನು ಹೇಳಿರಲಿಲ್ವಾ!" ಎಂದು ಅವಳು ಬಣ್ಣದಕ್ಕನ ಕಡೆಗೆ ನೋಡಿದಳು. ಗೆದ್ದ ಮುಖ. "ಪೂರ್ತಿ ನೀಲಿನಾ ಆಂಟಿ?"

"ಪೂರ್ತಿ" ಎಂದಳು ಬಣ್ಣದಕ್ಕ.